ತಂಗಿ ಮದುವೆ ಆಗಲಿ, ಆಮೇಲೆ ಹೇಳು

ಆರು ತಿಂಗಳು ನಾನು ಹೊಟ್ಟೆಯ ಡಾಕ್ಟರ ಹತ್ತಿರ ಓಡಾಡಿದೆ. ಎದೆ ಉರಿ, ಹೊಟ್ಟೆ ಹಿಂಡಿದ ಹಾಗೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ, ರಾತ್ರಿ ಜೀರಿಗೆ ಕಷಾಯ. ಇಸಿಜಿ ಆಯಿತು, ಎಂಡೋಸ್ಕೋಪಿ ಆಯಿತು, ಥೈರಾಯ್ಡ್ ಆಯಿತು. ಎಲ್ಲ ನಾರ್ಮಲ್. ರಿಪೋರ್ಟು ನಾರ್ಮಲ್ ಬಂದಷ್ಟೂ ಭಯ ಜಾಸ್ತಿಯಾಯಿತು. ಕೊನೆಗೆ ನಮ್ಮೂರಿನ ವಯಸ್ಸಾದ ಎಂಬಿಬಿಎಸ್ ಡಾಕ್ಟರು ಫೈಲು ಮುಚ್ಚಿಟ್ಟು, "ಹೊಟ್ಟೆ ವಿಷಯ ಬಿಡಿ. ರಾತ್ರಿ ಎಚ್ಚರ ಆದಾಗ ಏನು ಯೋಚನೆ ಬರುತ್ತೆ ಹೇಳಿ" ಎಂದರು. ಬಾಯಿ ತೆರೆದೆ. ಮಾತು ಬರಲಿಲ್ಲ, ಅಳು ಬಂತು. ನನಗಾಗ ಮೂವತ್ತನಾಲ್ಕು ವರ್ಷ. ಹೊರಗೆ ಬೆಂಚಿನ ಮೇಲೆ ಹತ್ತು ಜನ ಕಾಯುತ್ತಿದ್ದರು.

ಅವರು ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಮನೆಗೆ ಬಂದು ಅಡುಗೆಮನೆಯಲ್ಲಿ ಅಮ್ಮನ ಎದುರು ಕೂತೆ. ಅವರೆಕಾಯಿ ಕಾಲ. ಅಮ್ಮ ಮೊರದ ತುಂಬ ಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ನಾನು ಹೇಳುತ್ತಿದ್ದರೂ ಆಕೆಯ ಕೈ ನಿಲ್ಲಲಿಲ್ಲ. ಎಲ್ಲ ಕೇಳಿಸಿಕೊಂಡು "ಊಟ ಮಾಡ್ದಾ?" ಎಂದಳು, ಅಷ್ಟೇ. ರಾತ್ರಿ ದೀಪ ಆರಿಸುವಾಗ ನನ್ನ ಹಾಸಿಗೆಯ ತುದಿಯಲ್ಲಿ ಬಂದು ಕೂತು ಹೇಳಿದಳು: "ಮಾತ್ರೆ ತಗೋ ಮಗ, ನಾನು ಬೇಡ ಅನ್ನಲ್ಲ. ಆದ್ರೆ ತಂಗಿ ಮದುವೆ ಆಗ್ಲಿ, ಆಮೇಲೆ ಬೇಕಾದ್ರೆ ಯಾರಿಗಾದ್ರೂ ಹೇಳು."

ಆ ಮಾತಿಗೆ ನಾನು ವರ್ಷಗಟ್ಟಲೆ ಸಿಟ್ಟಾಗಿದ್ದೆ. ಈಗ ಸಿಟ್ಟು ಇಳಿದಿದೆ. ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೂ ಮನಸ್ಸಿನ ಕಾಯಿಲೆಯ ಬಗ್ಗೆ ಬಾಯಿ ಬಿಟ್ಟರೆ ಅದಕ್ಕೊಂದು ಬೆಲೆ ಕಟ್ಟಬೇಕಾಗುತ್ತದೆ, ಹೇಳಿಕೊಂಡವನ ಜೊತೆಗೆ ಮನೆಮಂದಿಯೂ ಕಟ್ಟಬೇಕಾಗುತ್ತದೆ ಎನ್ನುವುದು ಆಕೆಗೆ ಗೊತ್ತಿತ್ತು. "ಮನಸ್ಸು ಬಿಚ್ಚಿ ಮಾತಾಡಿ" ಎಂದು ಪ್ರತಿ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಎಲ್ಲರೂ ಹೇಳುತ್ತಾರೆ. ನಾನೂ ಆ ಮಾತನ್ನು ಒಪ್ಪುತ್ತೇನೆ. ಆದರೆ ಆ ಬೆಲೆಯ ಲೆಕ್ಕ ಹಾಕದೆ, ಅದನ್ನು ಇಳಿಸುವ ಕೆಲಸ ಮಾಡದೆ, ಕಾಯಿಲೆಯಿಂದ ನರಳುತ್ತಿರುವವರಿಗೇ "ಧೈರ್ಯವಾಗಿ ಹೇಳು" ಎನ್ನುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲು ದೊಡ್ಡವರ ಮಾತಿನಿಂದ ಶುರು ಮಾಡೋಣ. 2015ರಲ್ಲಿ ದೀಪಿಕಾ ಪಡುಕೋಣೆ ತಮಗೆ ಡಿಪ್ರೆಶನ್ ಆಗಿತ್ತು, ಚಿಕಿತ್ಸೆ ತಗೊಂಡೆ ಎಂದು ಟಿವಿಯಲ್ಲಿ ಹೇಳಿಕೊಂಡರು. ಬೆಂಗಳೂರಿನಲ್ಲಿ ಬೆಳೆದ ಹೆಣ್ಣುಮಗಳು. ತನ್ನ ಅಳು ಎಂದಿನ ಅಳುವಲ್ಲ ಎಂದು ಮೊದಲು ಗುರುತಿಸಿದ್ದು ತಾಯಿ ಎಂದು ಅವರೇ ಹೇಳಿದ್ದಾರೆ. ಅದೇ ವರ್ಷ ಅವರು ಕಟ್ಟಿದ ಲಿವ್ ಲವ್ ಲಾಫ್ ಸಂಸ್ಥೆ ಹಳ್ಳಿಗಳ ಕಡೆಗಿನ ಕೆಲಸವನ್ನು ಮೊದಲು ಶುರು ಮಾಡಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. 2020ರಲ್ಲಿ ಕೊಡಗು ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ, 2009ರಿಂದ 2011ರ ನಡುವೆ ಸಾವಿನ ಯೋಚನೆಯ ಜೊತೆ ಹೋರಾಡುತ್ತಿದ್ದೆ ಎಂದರು. ಮರುವರ್ಷ ವಿರಾಟ್ ಕೊಹ್ಲಿ, 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತಾನು ಜಗತ್ತಿನಲ್ಲಿ ಒಂಟಿ ಎನ್ನಿಸಿತ್ತು ಎಂದರು. ಇವರು ಬಾಯಿ ಬಿಟ್ಟಿದ್ದರಿಂದ ಸಾವಿರಾರು ಜನಕ್ಕೆ ಉಪಕಾರವಾಗಿದೆ. ನನಗೂ ಆಗಿದೆ. ಉತ್ತಪ್ಪ ಅವರ ಮಾತು ಕೇಳಿದ ರಾತ್ರಿ, ಬಹಳ ದಿನಗಳ ಮೇಲೆ ನನಗೆ ಎದೆ ಸ್ವಲ್ಪ ಹಗುರವಾಗಿತ್ತು.

ಆದರೂ ಎರಡು ಸಂಗತಿ ಗಮನಿಸಬೇಕು. ಇವರೆಲ್ಲ ಹೇಳಿಕೊಂಡಿದ್ದು ಕಷ್ಟ ದಾಟಿ ಬಂದಮೇಲೆ, ಹೆಸರು ಗಟ್ಟಿಯಾಗಿ ನಿಂತಮೇಲೆ. ಉತ್ತಪ್ಪ ನರಳಿದ್ದಕ್ಕೂ ಹೇಳಿಕೊಂಡಿದ್ದಕ್ಕೂ ನಡುವೆ ಒಂಬತ್ತು ವರ್ಷವಿದೆ. ಕೊಹ್ಲಿಗೆ ಏಳು ವರ್ಷ ಬೇಕಾಯಿತು. ಅಷ್ಟು ದೊಡ್ಡವರೇ ಅಷ್ಟು ಕಾಯಬೇಕಾಯಿತು ಎಂದಮೇಲೆ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಹಾಕುವ ಹುಡುಗಿ ಇವತ್ತೇ ತನ್ನ ಸೂಪರ್‌ವೈಸರ್ ಹತ್ತಿರ ಹೇಳಿಕೊಳ್ಳಲಿ ಎಂದು ನಾವು ಬಯಸುವುದು ಹೇಗೆ? ಇನ್ನೊಂದು ಸಂಗತಿ, ಇವರಲ್ಲಿ ಯಾರೂ ಕನ್ನಡದಲ್ಲಿ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಡಿಪ್ರೆಶನ್ ಎನ್ನುವ ಮಾತು ಒಂದು ಕಾಯಿಲೆಯ ಹೆಸರಾಗಿ ಕೇಳಿಸುತ್ತದೆ. ಅದನ್ನೇ ನಮ್ಮ ಹಟ್ಟಿ ಜಗಲಿಯ ಮೇಲೆ ಹೇಳಬೇಕಾದರೆ ನಮ್ಮ ಹತ್ತಿರ ಇರುವ ಮಾತುಗಳು ಯಾವುವು? "ಖಿನ್ನತೆ" ಪೇಪರಿನ ಮಾತು, ಮನೆಯಲ್ಲಿ ಯಾರೂ ಆಡುವುದಿಲ್ಲ. "ಬೇಜಾರು" ತೀರಾ ಹಗುರ, ಬಸ್ಸು ತಪ್ಪಿದರೂ ಬೇಜಾರೇ. ಅದರಾಚೆಗೆ ನೇರ "ತಲೆ ಕೆಟ್ಟಿದೆ", "ಹುಚ್ಚು". ಬೇಜಾರಿಗೂ ಹುಚ್ಚಿಗೂ ನಡುವೆ ಕಾಲೂರಲು ಒಂದು ಮೆಟ್ಟಿಲಿಲ್ಲ. ಬೆಂಗಳೂರು ಕಡೆ ಬೈಯುವಾಗ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ "ಧಾರವಾಡಕ್ಕ ಕಳಸಬೇಕು" ಎಂದರೆ ಸಾಕು, ಯಾವ ಆಸ್ಪತ್ರೆ ಎಂದು ಬಿಡಿಸಿ ಹೇಳಬೇಕಿಲ್ಲ. ಗುಣ ಮಾಡುವ ಜಾಗದ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ.

ಹಾಗಾಗಿ ಜನ ಏನು ಮಾಡುತ್ತಾರೆ? ಮೈಯ ಮೇಲೆ ಹಾಕಿ ಹೇಳುತ್ತಾರೆ. ತಲೆಭಾರ, ಎದೆ ಹಿಡಿದ ಹಾಗೆ, ಕೈಕಾಲು ಜುಮ್ಮೆನ್ನುವುದು, ನಿಶ್ಶಕ್ತಿ, ಗ್ಯಾಸ್ಟ್ರಿಕ್. ಇದು ತಿಳಿವಳಿಕೆಯಿಲ್ಲದವರು ಮಾಡುವ ತಪ್ಪು ಎಂದು ನಾನು ಮೊದಲು ಅಂದುಕೊಂಡಿದ್ದೆ. 1996ರಲ್ಲಿ ಪ್ರಕಟವಾದ, ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನದ ಬಗ್ಗೆ ಓದಿದಮೇಲೆ ಆ ಅಭಿಪ್ರಾಯ ಬದಲಾಯಿತು. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್, ಡಾ. ಎಸ್.ಎಂ. ಚನ್ನಬಸವಣ್ಣ ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ಮನೋರೋಗ ವಿಭಾಗದ ಹೊರರೋಗಿಗಳಾಗಿ ಬಂದ 80 ಜನರನ್ನು ಕೂರಿಸಿಕೊಂಡು ವಿವರವಾಗಿ ಮಾತಾಡಿಸಿದ್ದರು. ಮನಸ್ಸಿನ ಕುಗ್ಗುವಿಕೆ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು. ಅದೇ ಮೈನೋವಿನ ತೊಂದರೆ ಹೆಚ್ಚಿದ್ದವರಲ್ಲಿ ಆ ಭಾವನೆ ಕಡಿಮೆಯಿತ್ತು. ಕಾರಣವನ್ನು ರೋಗಿಗಳೇ ಹೇಳಿದ್ದರು. ತಲೆನೋವು, ಮೈಕೈ ನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿದರೆ ಯಾರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಮನಸ್ಸಿನ ದುಃಖವನ್ನು ಹೇಳಿದರೆ ಜನ ದೂರ ಸರಿಯುತ್ತಾರೆ, ಮದುವೆಗೆ ತೊಂದರೆಯಾಗುತ್ತದೆ.

ಅಂದರೆ ಹೊಟ್ಟೆ ನೋವು ಎಂದು ಹೇಳುವವರಿಗೆ ತಿಳಿವಳಿಕೆ ಇಲ್ಲದೆ ಇಲ್ಲ. ಅವರು ಹುಷಾರಾಗಿರುತ್ತಾರೆ. ನೋವು ಸುಳ್ಳಲ್ಲ, ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಆದರೆ ಇರುವ ಹತ್ತು ನೋವಿನಲ್ಲಿ ಹೇಳಿದರೆ ನಷ್ಟವಿಲ್ಲದ ನೋವನ್ನು ಮನಸ್ಸು ಆರಿಸಿಕೊಳ್ಳುತ್ತದೆ. ನನ್ನ ಆರು ತಿಂಗಳ ಎಂಡೋಸ್ಕೋಪಿಯ ಕಥೆಯೂ ಇದೇ.

ಈಗ ಬೆಲೆಯ ವಿಷಯ. ಅದರಲ್ಲಿ ದೊಡ್ಡದು ಮದುವೆ. ಹುಡುಗಿ ನೋಡಲು ಬಂದವರು ಜಾತಕದ ಜೊತೆ ಮನೆತನವನ್ನೂ ವಿಚಾರಿಸುತ್ತಾರೆ. "ಆ ಮನೇಲಿ ಒಬ್ಬರಿಗೆ ತಲೆ ಸರಿಯಿಲ್ಲವಂತೆ" ಎನ್ನುವ ಒಂದು ಮಾತು ಬಿದ್ದರೆ ಮೂರು ತಾಲ್ಲೂಕಿಗೆ ಸುದ್ದಿ ಹಬ್ಬುತ್ತದೆ. ಕಾಯಿಲೆ ನನಗಿದ್ದರೂ ಸಂಬಂಧ ತಪ್ಪುವುದು ತಂಗಿಗೆ. ಕಾನೂನು ಇದಕ್ಕೆ ಪೂರ್ತಿ ಆಸರೆಯಾಗಿ ನಿಂತಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣವಾಗಿ ಈಗಲೂ ಉಳಿದಿದೆ. ಕಾಯಿಲೆಯ ಹೆಸರು ಇದ್ದ ಮಾತ್ರಕ್ಕೆ ವಿಚ್ಛೇದನ ಕೊಡಲಾಗದು, ಜೊತೆಗೆ ಬಾಳಲಾರದಷ್ಟು ಅದು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ, 2013ರಲ್ಲಿ ಇನ್ನೊಂದು ಪ್ರಕರಣದಲ್ಲೂ ಅದೇ ನಿಲುವು ತಳೆದಿದೆ. ಒಳ್ಳೆಯ ತೀರ್ಪುಗಳು. ಆದರೆ ಸಂಬಂಧ ಮುರಿಯುವುದು ಕೋರ್ಟಿನಲ್ಲಿ ಅಲ್ಲ, ವೀಳ್ಯದೆಲೆ ತಟ್ಟೆ ಎತ್ತುವುದಕ್ಕೂ ಮುಂಚೆ. ಮುಚ್ಚಿಟ್ಟು ಮದುವೆ ಮಾಡಿದರೋ, ಮುಖ್ಯ ವಿಷಯವನ್ನು ಮರೆಮಾಚಿ ಮೋಸ ಮಾಡಿದರು ಎಂದು ಮದುವೆಯನ್ನೇ ರದ್ದು ಮಾಡಿಸಲು ಅದೇ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು. ಹೇಳಿದರೆ ಮಾನ ಹೋಗುತ್ತೆ, ಬಿಟ್ಟರೆ ಪ್ರಾಣ ಹೋಗುತ್ತೆ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಇದರ ಪೆಟ್ಟು ಜಾಸ್ತಿ ಬೀಳುವುದು ಹೆಣ್ಣುಮಕ್ಕಳಿಗೆ. ತವರಿನಲ್ಲಿ ಮಾತ್ರೆ ತಗೊಂಡು ಚೆನ್ನಾಗಿದ್ದ ಹುಡುಗಿ ಗಂಡನ ಮನೆಗೆ ಹೋದಮೇಲೆ, ಅತ್ತೆ ನೋಡಿಯಾರು ಎಂದು ಮಾತ್ರೆ ನಿಲ್ಲಿಸುತ್ತಾಳೆ. ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಆಗ ಎಲ್ಲರೂ ಸೇರಿ "ನೋಡಿ, ಇಂಥವಳನ್ನ ನಮ್ಮ ತಲೆಗೆ ಕಟ್ಟಿದ್ರು" ಎನ್ನುತ್ತಾರೆ. ಅವಳು ಕೆಟ್ಟಿದ್ದು ಕಾಯಿಲೆಯಿಂದಲೋ ಮುಚ್ಚಿಡಬೇಕಾಗಿ ಬಂದದ್ದರಿಂದಲೋ ಎಂದು ಯಾರೂ ಕೇಳುವುದಿಲ್ಲ.

ಎರಡನೆಯದು ಕೆಲಸ. ನನ್ನ ಸ್ನೇಹಿತನೊಬ್ಬ ತನ್ನ ಮ್ಯಾನೇಜರಿಗೆ ಹೇಳಿಕೊಂಡ. ಆತ ಬಹಳ ಪ್ರೀತಿಯಿಂದಲೇ ಕೇಳಿಸಿಕೊಂಡರಂತೆ. ಮರುವಾರ ದೊಡ್ಡ ಪ್ರಾಜೆಕ್ಟ್‌ನಿಂದ ಅವನ ಹೆಸರು ತೆಗೆದರು, "ನಿನಗೆ ಟೆನ್ಶನ್ ಬೇಡ ಅಂತ". ಆಮೇಲೆ ಪ್ರಮೋಷನ್ನಿನ ಹೊತ್ತಿಗೆ "ದೊಡ್ಡ ಜವಾಬ್ದಾರಿ ಹೊತ್ತ ಅನುಭವ ಇಲ್ಲ" ಎಂಬ ಕಾರಣ ಬಂತು. ಬೈದಿದ್ದರೆ ದೂರು ಕೊಡಬಹುದಿತ್ತು. ಕರುಣೆಯಿಂದ ಕಿತ್ತುಕೊಂಡದ್ದಕ್ಕೆ ಎಲ್ಲಿ ದೂರು ಕೊಡುವುದು? ಕಾನೂನು ಇಲ್ಲಿ ತಕ್ಕಮಟ್ಟಿಗೆ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಪಟ್ಟಿಯಲ್ಲಿ ಸೇರಿಸಿದೆ. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮನೋರೋಗದ ಕಾರಣದಿಂದಾದ ನಡತೆಗೆ ಶಿಸ್ತುಕ್ರಮ ಜರುಗಿಸುವುದು ಪರೋಕ್ಷ ತಾರತಮ್ಯ ಎಂದು ತೀರ್ಪು ಕೊಟ್ಟಿತು. ಸರ್ಕಾರಿ ನೌಕರರಿಗೆ ಇದು ದೊಡ್ಡ ಆಸರೆ. ಆದರೆ ಗುತ್ತಿಗೆಯ ಮೇಲೆ ದುಡಿಯುವವರು, ಮನೆಗೆಲಸದವರು, ಡೆಲಿವರಿ ಹುಡುಗರು ಇವರಿಗೆಲ್ಲ "ನಾಳೆಯಿಂದ ಬರಬೇಡ" ಎನ್ನಲು ತೀರ್ಪಿನ ಅಡ್ಡಿಯೇನೂ ಇಲ್ಲ.

ವಿಮೆಯದು ಬೇಗ ಹೇಳಿ ಮುಗಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮೈಯ ಕಾಯಿಲೆಗೆ ಕೊಡುವ ವಿಮೆಯನ್ನು ಮನಸ್ಸಿನ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಬೇಕು ಎಂದಿತು. ವಿಮಾ ಪ್ರಾಧಿಕಾರ 2018ರಲ್ಲಿ ಸುತ್ತೋಲೆ ಕಳಿಸಿತು, ಮತ್ತೆ 2022ರಲ್ಲಿ ನೆನಪಿಸಬೇಕಾಯಿತು. ನಡುವೆ ಒಬ್ಬ ಮಹಿಳೆ ತಮ್ಮ ಆಸ್ಪತ್ರೆ ಖರ್ಚಿಗಾಗಿ ದೆಹಲಿ ಹೈಕೋರ್ಟಿನ ತನಕ ಹೋಗಿ 2021ರಲ್ಲಿ ಗೆದ್ದರು. ಕಾಗದದ ಮೇಲಿನ ಹಕ್ಕು ಕೈಗೆ ಬರಲು ಎಷ್ಟು ಸುತ್ತಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ಅಮ್ಮನ ಲೆಕ್ಕ ಪೂರ್ತಿ ಸರಿಯೇ? ಇಲ್ಲ. ಅದರಲ್ಲಿ ಎರಡು ತಪ್ಪಿದ್ದವು, ಆಕೆಗೂ ನನಗೂ ಆಗ ಕಾಣಲಿಲ್ಲ.

ಹೇಳದೆ ಇರುವುದಕ್ಕೂ ಬೆಲೆಯಿದೆ, ಅದನ್ನು ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ, ಆದರೆ ಪೂರ್ವತಯಾರಿಯ ಪ್ರಯೋಗ ನಮ್ಮ ಕೋಲಾರದಲ್ಲೇ ನಡೆದಿತ್ತು. ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹತ್ತು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಎಂದಾಯಿತು. ನಮ್ಮೂರಿನಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ಐವರಾದರೂ ಇರಬಹುದು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯೇ ಪಡೆಯುತ್ತಿರಲಿಲ್ಲ. ಡಾಕ್ಟರುಗಳ ಕೊರತೆ ಇದಕ್ಕೊಂದು ಕಾರಣ. ಆದರೆ ಬಾಗಿಲು ತನಕ ಬಂದು ಒಳಗೆ ಕಾಲಿಡದೆ ತಿರುಗಿ ಹೋಗುವವರೂ ಆ ಲೆಕ್ಕದಲ್ಲಿದ್ದಾರೆ. ಒಂದು ತಿಂಗಳು ನಾನೂ ಅವರಲ್ಲಿ ಒಬ್ಬನಾಗಿದ್ದೆ. ಚೀಟಿ ಜೇಬಿನಲ್ಲೇ ಇತ್ತು, ಕ್ಲಿನಿಕ್ಕಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು, ಪರಿಚಯದವರು ಯಾರಾದರೂ ಕಂಡಾರು ಎಂದು ವಾಪಸ್ಸು ಬರುತ್ತಿದ್ದೆ.

ಇನ್ನೂ ಭಾರವಾದ ಅಂಕಿಯೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅದರಲ್ಲಿ 13,606 ಜನ ನಮ್ಮ ರಾಜ್ಯದವರು. ಪ್ರತಿ ಸಾವಿನ ಹಿಂದೆ ಮನೋರೋಗವೇ ಇತ್ತು ಎನ್ನುವುದು ತಪ್ಪಾಗುತ್ತದೆ. ಸಾಲ, ಮನೆಯ ಜಗಳ, ಗುಣವಾಗದ ಕಾಯಿಲೆ, ಹಿಂಸೆ ಎಲ್ಲವೂ ಇವೆ. ಆದರೆ ತೀರಿಕೊಂಡ ಹತ್ತು ಜನರಲ್ಲಿ ಏಳು ಜನ ಗಂಡಸರು ಎನ್ನುವುದು ನನ್ನನ್ನು ಬಿಡದೆ ಕಾಡುತ್ತದೆ. ಅಳಬಾರದು ಎಂದು ನಾವು ಯಾರಿಗೆ ಕಲಿಸಿದ್ದೇವೋ ಅವರೇ ಇವರು. ಕುಡಿದರೆ ಮಾತ್ರ ಮನಸ್ಸಿನ ಮಾತು ಹೊರಗೆ ಬರುತ್ತದೆ, ಬೆಳಿಗ್ಗೆ ಎದ್ದಮೇಲೆ ಅದನ್ನು "ಎಣ್ಣೆ ಮಾತು" ಎಂದು ಎಲ್ಲರೂ ಮರೆಯುತ್ತಾರೆ.

ಇಲ್ಲಿ ಒಂದು ಸಮಾಧಾನದ ಸಂಗತಿ ಹೇಳಬೇಕು, ಬಹಳ ಜನಕ್ಕೆ ಇನ್ನೂ ತಿಳಿದಿಲ್ಲ. ಸಾಯಲು ಪ್ರಯತ್ನಿಸಿ ಬದುಕುಳಿದವರ ಮೇಲೆ ಮೊದಲು ಕೇಸು ಬೀಳುತ್ತಿತ್ತು. 2017ರ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕೇಸು ಹಾಕಲು ಬಳಸುತ್ತಿದ್ದ, ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಕಾಣುವುದಿಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆಯಿಂದ ಸುಮ್ಮನಿರುವ ಮನೆಗಳು ಈಗಲೂ ಇವೆ. ಆ ಹೆದರಿಕೆ ಬೇಡ.

ಅಮ್ಮನ ಲೆಕ್ಕದ ಎರಡನೆಯ ತಪ್ಪು, ಇಲ್ಲದ ನಷ್ಟವನ್ನೂ ಕೂಡಿಸಿಕೊಂಡದ್ದು. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ಭಾರತವೂ ಸೇರಿ 27 ದೇಶಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ 732 ಜನರನ್ನು ಕಂಡು ಮಾತಾಡಿದ್ದರು. ಶೇ. 72ರಷ್ಟು ಜನ ತಮ್ಮ ಕಾಯಿಲೆಯನ್ನು ಬಚ್ಚಿಡಬೇಕು ಎನ್ನಿಸಿದೆ ಎಂದರು. ಸುಮಾರು ಅರ್ಧದಷ್ಟು ಜನಕ್ಕೆ ಸ್ನೇಹಿತರಿಂದ, ಬಂಧುಗಳಿಂದ ನಿಜವಾಗಿ ತಾರತಮ್ಯ ಆಗಿತ್ತು. ಅಂದರೆ ಭಯ ಬರೀ ಕಲ್ಪನೆಯಲ್ಲ. ಆದರೆ ಮಾತಾಡಿಸಿದ ಒಟ್ಟು ಜನರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ, ಕೆಲಸ ಹುಡುಕುವಾಗ, ಸಂಗಾತಿಯನ್ನು ಹುಡುಕುವಾಗ ತಾರತಮ್ಯ ಆಗೇ ಆಗುತ್ತದೆ ಎಂದು ಹೆದರಿದ್ದರೂ ಅವರಿಗೆ ಹಾಗೆ ಯಾವತ್ತೂ ಆಗಿರಲಿಲ್ಲ. ಬಾಗಿಲು ತಟ್ಟುವ ಮೊದಲೇ ತೆರೆಯುವುದಿಲ್ಲ ಎಂದುಕೊಂಡು ತಿರುಗಿದ್ದರು. ಕಳಂಕ ಹೊರಗೂ ಇದೆ, ನಮ್ಮೊಳಗೂ ಇದೆ. ಎರಡನ್ನೂ ಬಿಡಿಸಿ ನೋಡದಿದ್ದರೆ ಲೆಕ್ಕ ತಪ್ಪುತ್ತದೆ.

ಇದು ನನಗೆ ಗೊತ್ತಾದದ್ದು ದೊಡ್ಡಮ್ಮನಿಂದ. ತಂಗಿಯ ಮದುವೆಯಾಗಿ ವರ್ಷ ಕಳೆದಿತ್ತು. ದೊಡ್ಡಮ್ಮ ನಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ಕೂತು ತೆಂಗಿನ ಗರಿ ಸೀಳುತ್ತಾ ಕಡ್ಡಿ ಪೊರಕೆ ಕಟ್ಟುತ್ತಿದ್ದಳು. ನಾನು ಸುಮ್ಮನೆ ಪಕ್ಕದಲ್ಲಿ ಕೂತವನು, ಯಾಕೋ ಹೇಳಿಬಿಟ್ಟೆ. ನಿದ್ದೆ ಬರದ ರಾತ್ರಿಗಳು, ಮಾತ್ರೆ, ಎಲ್ಲ. ದೊಡ್ಡಮ್ಮನ ಕೈ ನಿಂತಿತು. ಕತ್ತಿ ಪಕ್ಕಕ್ಕಿಟ್ಟಳು. ಸುತ್ತ ಯಾರಿದ್ದಾರೆ ಎಂದು ನೋಡಿ, "ನಾನೂ ತಗೋತೀನಿ ಕಣೋ. ಹನ್ನೊಂದು ವರ್ಷ ಆಯ್ತು" ಎಂದಳು. ಮನೆಯಲ್ಲಿ ಬಿಪಿ ಮಾತ್ರೆ ಎಂದು ಹೇಳಿಕೊಂಡಿದ್ದಳಂತೆ. ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿ ದೇವರ ಗೂಡಿನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ ಎಂದು ನಾನು ಡಾಕ್ಟರಿಗೆ ಬರೆಸಿದ್ದೆ. ಒಂದೇ ಓಣಿಯಲ್ಲಿ ಒಂದೇ ಕಾಯಿಲೆಯನ್ನು ಇಬ್ಬರೂ ಬೇರೆ ಬೇರೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡಿದ್ದೆವು.

ಕಳಂಕ ಕಡಿಮೆ ಮಾಡಲು ಯಾವುದು ಕೆಲಸಕ್ಕೆ ಬರುತ್ತದೆ ಎಂದು ಹುಡುಕಿದವರೂ ಇದನ್ನೇ ಹೇಳಿದ್ದಾರೆ. ಅಮೆರಿಕದ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 2012ರಲ್ಲಿ 14 ದೇಶಗಳ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಕರ ಮನಸ್ಸನ್ನು ಬದಲಿಸುವುದರಲ್ಲಿ ಪಾಠ ಹೇಳುವುದಕ್ಕಿಂತ, ಕಾಯಿಲೆ ಕಂಡು ಬದುಕುತ್ತಿರುವ ಒಬ್ಬ ಮನುಷ್ಯನ ಜೊತೆ ಎದುರಾಬದುರು ಮಾತುಕತೆ ಹೆಚ್ಚು ಫಲ ಕೊಟ್ಟಿತ್ತು. ಹರೆಯದ ಮಕ್ಕಳಲ್ಲಿ ಮಾತ್ರ ಪಾಠವೇ ಮೇಲಾಗಿತ್ತು. 2022ರಲ್ಲಿ ಕಳಂಕದ ಬಗ್ಗೆಯೇ ಕೂತ ಲ್ಯಾನ್ಸೆಟ್ ಆಯೋಗವೂ ಈ ಒಡನಾಟವನ್ನೇ ಎತ್ತಿ ಹಿಡಿಯಿತು. ಪೋಸ್ಟರು, ಜಾಥಾ, ಸೆಲ್ಫಿ ಪಾಯಿಂಟುಗಳಿಗಿಂತ ಹಿತ್ತಲಲ್ಲಿ ಕೂತ ದೊಡ್ಡಮ್ಮ ಹೆಚ್ಚು ಕೆಲಸ ಮಾಡುತ್ತಾಳೆ.

ಆದ್ದರಿಂದ ಈ ಹೊತ್ತಿನಲ್ಲಿ ನನಗೆ ಮುಖ್ಯವೆನಿಸುವ ಪ್ರಶ್ನೆ ಮೊದಲು ಯಾರು ಮಾತಾಡಬೇಕು ಎನ್ನುವುದು. ಕಳೆದುಕೊಳ್ಳುವುದು ಕಡಿಮೆ ಇರುವವರು ಮೊದಲು ಮಾತಾಡಬೇಕು. ರಿಟೈರಾದ ಹೆಡ್‌ಮಾಸ್ಟರು, ಪಿಂಚಣಿ ಬರುವ ಅಧಿಕಾರಿ, ಕಾಯಂ ಕೆಲಸದ ಪ್ರೊಫೆಸರು, ಮಕ್ಕಳ ಮದುವೆ ಮುಗಿಸಿದ ಹಿರಿಯರು, ಮಠದ ಸ್ವಾಮಿಗಳು, ಶಾಸಕರು. ಇವರಲ್ಲಿ ಮಾತ್ರೆ ತಗೊಳ್ಳುವವರು ಖಂಡಿತ ಇದ್ದಾರೆ. ಊರಿನ ಗಣೇಶೋತ್ಸವದ ವೇದಿಕೆಯ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು "ನನಗೂ ಹೀಗಾಗಿತ್ತು, ಎರಡು ವರ್ಷ ಮಾತ್ರೆ ತಗೊಂಡೆ" ಎಂದು ಕನ್ನಡದಲ್ಲಿ ಹೇಳಿದರೆ, ಆ ಊರಿನ ಇಪ್ಪತ್ತೆರಡರ ಹುಡುಗಿ ಕಟ್ಟಬೇಕಾದ ಬೆಲೆ ಅಷ್ಟು ಇಳಿಯುತ್ತದೆ. ಅವಳು ಎಲ್ಲರೆದುರು ಹೇಳಲೇಬೇಕು ಎಂದೇನೂ ಇಲ್ಲ. ಒಬ್ಬರಿಗೆ ಹೇಳಿದರೆ ಸಾಕು, ಅದೂ ತಾನು ಆರಿಸಿದವರಿಗೆ, ತಾನು ಆರಿಸಿದ ಹೊತ್ತಿಗೆ. ಗುಟ್ಟು ಕಾಪಾಡಿಕೊಳ್ಳುವುದು ಆಕೆಯ ಹಕ್ಕು, 2017ರ ಕಾಯ್ದೆಯೂ ಅದನ್ನು ಬರೆದುಕೊಟ್ಟಿದೆ.

ನಮ್ಮ ಟಿವಿ, ಪೇಪರಿನವರಲ್ಲಿ ಒಂದು ಕೇಳಿಕೆ. ರಸ್ತೆಯಲ್ಲಿ ಯಾರೋ ಕಲ್ಲೆಸೆದರೆ, ಯಾರೋ ಮರ ಹತ್ತಿ ಕೂತರೆ ಅದು "ಮಾನಸಿಕ ಅಸ್ವಸ್ಥನ ರಂಪಾಟ". ಡಾಕ್ಟರು ಹೇಳಿದ್ದಾರೆಯೇ ಎಂದು ವಿಚಾರಿಸುವುದಿಲ್ಲ. ಮನೆಯಲ್ಲಿ ಆ ಸುದ್ದಿ ನೋಡುತ್ತಾ ಕೂತ ಒಬ್ಬ, ತನ್ನ ಚೀಟಿಯಲ್ಲಿರುವ ಕಾಯಿಲೆಗೂ ಇದೇ ಹೆಸರು ಎಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತಾನೆ. ಆತ್ಮಹತ್ಯೆಯ ವರದಿ ಹೇಗಿರಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಸೂಚನೆ ಕೊಟ್ಟಿದೆ. ಅದನ್ನು ಪಾಲಿಸಿದರೆ ಸಾಕು.

ಹೇಳಿಕೊಂಡಮೇಲೆ ಎಲ್ಲಿಗೆ ಹೋಗುವುದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಉತ್ತರ ಇಲ್ಲದಿಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನನ್ನನ್ನು ಉಳಿಸಿದ ಆ ಎಂಬಿಬಿಎಸ್ ಡಾಕ್ಟರಂಥವರು ಪ್ರತಿ ಹೋಬಳಿಯಲ್ಲೂ ಇರಬೇಕು ಎನ್ನುವುದೇ ಅದರ ತಿರುಳು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಫೋನು ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈಗಾಗಲೇ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳು ಹೋಗಿವೆ. ಮುಖ ಕಾಣದ, ಊರಿನವರಲ್ಲದ ಒಬ್ಬರ ಹತ್ತಿರ ಮೊದಲ ಸಲ ಬಾಯಿ ಬಿಡುವುದು ಎಷ್ಟು ಸಲೀಸು ಎಂದು ನನಗೆ ಗೊತ್ತು. ಕಾಲೇಜುಗಳಿಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಕೌನ್ಸೆಲರ್ ಇರಬೇಕು ಎಂದು. ತನಗೆ ಹೇಳಿದ್ದನ್ನೆಲ್ಲ ಆ ಕೌನ್ಸೆಲರ್ ಪ್ರಿನ್ಸಿಪಾಲರ ಕಿವಿಗೆ ಹಾಕಿದರೆ ಮಾತ್ರ ಮಕ್ಕಳು ಎರಡನೇ ಸಲ ಆ ಕೋಣೆಗೆ ಕಾಲಿಡುವುದಿಲ್ಲ.

ಕೇಳಿಸಿಕೊಳ್ಳುವವರಿಗೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನನಗೆ ಎಷ್ಟು ಜನ ಹೇಳಿದರೋ. ಚಿಂತೆ ಬಿಡು, ನಿದ್ದೆ ಬರುತ್ತೆ ಎಂಬ ಅರ್ಥದಲ್ಲಿ. ಜ್ವರ ಬಂದವನಿಗೆ ಮೈ ತಣ್ಣಗೆ ಇಟ್ಟುಕೋ ಎಂದ ಹಾಗೆ ಅದು. ಯೋಗ ಮಾಡು, ದೇವಸ್ಥಾನಕ್ಕೆ ಹೋಗು, ಮದುವೆ ಮಾಡ್ಕೊ ಎಲ್ಲ ಸರಿಹೋಗುತ್ತೆ ಎಂದವರೂ ಇದ್ದರು. ದೊಡ್ಡಮ್ಮ ಅಂಥದ್ದೇನೂ ಹೇಳಲಿಲ್ಲ. ಅವತ್ತಿನಿಂದ ವಾರಕ್ಕೊಮ್ಮೆ ಫೋನು ಮಾಡಿ "ಮಾತ್ರೆ ತಗೊಂಡ್ಯಾ? ನಿದ್ದೆ ಬಂತಾ?" ಎಂದು ಕೇಳುತ್ತಾಳೆ, ಮಳೆ ಬಂತಾ ಎಂದು ಕೇಳಿದಷ್ಟೇ ಸಹಜವಾಗಿ.

ಕಳೆದ ಅವರೆಕಾಯಿ ಕಾಲದಲ್ಲಿ ಊರಿಗೆ ಹೋಗಿದ್ದೆ. ಅಮ್ಮ, ದೊಡ್ಡಮ್ಮ ಜಗಲಿಯ ಮೇಲೆ ಮೊರ ಹಾಕಿಕೊಂಡು ಕೂತಿದ್ದರು. ಎದುರು ಮನೆಯಾಕೆ ಕಾಫಿಗೆ ಬಂದವರು ತಮ್ಮ ಮಗನ ವಿಷಯ ತೆಗೆದರು. ಹುಡುಗನಿಗೆ ಮೂರು ತಿಂಗಳಿಂದ ಗ್ಯಾಸ್ಟ್ರಿಕ್, ರಾತ್ರಿ ನಿದ್ದೆಯಿಲ್ಲ, ಸ್ಕ್ಯಾನಿಂಗ್ ಮಾಡಿಸಿದರೂ ಏನೂ ಸಿಕ್ಕಿಲ್ಲ, ಯಾರದ್ದೋ ಕಣ್ಣು ಬಿದ್ದಿರಬೇಕು ಎಂದು ಹೇಳುತ್ತಾ ಹೋದರು. ನಾನು ಒಳಗೆ ಬಾಗಿಲ ಹತ್ತಿರ ನಿಂತಿದ್ದೆ. ಅಮ್ಮ ಸುಲಿಯುವುದನ್ನು ನಿಲ್ಲಿಸಿದಳು.

"ಹೊಟ್ಟೇದಲ್ಲ ಕಣಮ್ಮ ಅದು. ನಮ್ಮ ಹುಡುಗನಿಗೂ ಹಿಂಗೇ ಆಗಿತ್ತು. ಮಾತ್ರೆ ತಗೋತಾನೆ, ಈಗ ಚೆನ್ನಾಗಿದಾನೆ. ಮಂಗಳವಾರ ಡಾಕ್ಟ್ರು ಬರ್ತಾರೆ, ಬೇಕಾದ್ರೆ ನಾನೂ ಬರ್ತೀನಿ ನಿಮ್ ಜೊತೆ."

ಎದುರು ಮನೆಯಾಕೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಲೋಟ ಕೆಳಗಿಟ್ಟು, ಮೊರದಿಂದ ಒಂದು ಹಿಡಿ ಕಾಯಿ ತಮ್ಮ ಮಡಿಲಿಗೆ ಹಾಕಿಕೊಂಡು ಸುಲಿಯಲು ಕೂತರು. "ಎಷ್ಟೊತ್ತಿಗೆ ಬರ್ತಾರೆ ಡಾಕ್ಟ್ರು?" ಎಂದು ಕೇಳಿದರು.